ಸೈಕಲ್ ಮತ್ತು ತ್ರಿಚಕ್ರಗಳ ದೀಪಗಳು

ಕತ್ತಲಲ್ಲಿ, ಮಂಜಿನಲ್ಲಿ, ಮಳೆಯ ಮಬ್ಬಿನಲ್ಲಿ ಓಡಾಡಲು ಸೈಕಲ್ಲುಗಳಿಗೂ ಕಾಲಿನಿಂದ ತುಳಿಯುವ ಇಲ್ಲವೆ ಕೈಯಿಂದ ತಿರುಗಿಸುವ ತ್ರಿಚಕ್ರಗಳಿಗೂ ಅಳವಡಿಸುವ ಬೆಳಕಿನ ಸಾಧನಗಳು. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಜೊತೆಗೆ ಪ್ರತಿಫಲಕಗಳು ಇವುಗಳಲ್ಲಿ ಮುಖ್ಯ. ದೀಪದ ಕೆಲಸ ಎರಡು ಬಗೆಯದು: ಸವಾರನಿಗೆ ದಾರಿ ಕಾಣಿಸುವುದು, ಸವಾರನನ್ನು ಇತರರಿಗೆ ಕಾಣಿಸುವುದು. ಬೀದಿದೀಪಗಳಿರುವ ನಗರದಲ್ಲಿ ಎರಡನೆಯದೇ ಮುಖ್ಯ. ಊರಾಚೆಯ ರಸ್ತೆಯಲ್ಲಿ ಎರಡೂ ಬೇಕು.

ಮೋಟಾರು ವಾಹನದಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ದೀಪಕ್ಕೆ ವಿದ್ಯುತ್ತಿನ ಕೊರತೆಯಿಲ್ಲ. ಸೈಕಲ್ಲಿಗೆ ಸವಾರನೇ ಎಂಜಿನ್. ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ತುಳಿಯುವಾಗ ಅವನ ಕಾಲುಗಳಿಂದ ಹೊರಡುವ ಶಕ್ತಿ 75ರಿಂದ 100 ವ್ಯಾಟ್ ಮಾತ್ರ. ಅದರಲ್ಲೇ ಒಂದು ಪಾಲು ಬೆಳಕಿಗೆ ಕೊಡಬೇಕು, ಇಲ್ಲವೆ ಶಕ್ತಿಯನ್ನು ಮನೆಯಿಂದಲೇ ಹೊತ್ತು ತರಬೇಕು. ಸೈಕಲ್ ದೀಪದ ಚರಿತ್ರೆಯೂ ಆಯ್ಕೆಯೂ ಈ ಎರಡು ದಾರಿಗಳ ಸುತ್ತಲೇ ನಡೆದಿವೆ.

ಚರಿತ್ರೆ

ಮುಂದಿನ ಚಕ್ರ ಆಳೆತ್ತರ, ಹಿಂದಿನದು ಪುಟ್ಟದು ಎಂಬಂತಿದ್ದ 1870ರ ದಶಕದ ಸೈಕಲ್ಲುಗಳಲ್ಲಿ ಎಣ್ಣೆಯ ದೀಪವನ್ನು ಮುಂಚಕ್ರದ ಅಚ್ಚಿಗೆ, ಕಡ್ಡಿಗಳ ನಡುವೆ ತೂಗುಹಾಕುತ್ತಿದ್ದರು. ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲ್ಯೂಕಾಸ್ ಆ ದಶಕದ ಕೊನೆಗೆ ಮಾರುಕಟ್ಟೆಗೆ ತಂದ ‘ಕಿಂಗ್ ಆಫ್ ದಿ ರೋಡ್’ ಈ ಬಗೆಯ ದೀಪಗಳಲ್ಲಿ ಹೆಸರುವಾಸಿಯಾದದ್ದು. ಬೆಳಕು ಮಂದ; ಹಳ್ಳಕ್ಕೆ ಇಳಿದರೆ ಬತ್ತಿ ಆರುವ ಭಯ. ಆದರೂ ಎದುರು ಬರುವವರಿಗೆ ಸುಳಿವು ಕೊಡಲು ಅದು ಸಾಕಾಗುತ್ತಿತ್ತು. 1888ರ ಬ್ರಿಟಿಷ್ ಸ್ಥಳೀಯ ಆಡಳಿತ ಕಾಯ್ದೆ ಸೈಕಲ್ಲನ್ನು ಗಾಡಿಗಳ ಸಾಲಿಗೆ ಸೇರಿಸಿ, ರಾತ್ರಿ ಹೊತ್ತು ದೀಪವಿರಬೇಕೆಂದು ವಿಧಿಸಿತು.

1892ರಲ್ಲಿ ಅಮೆರಿಕದಲ್ಲಿ ಥಾಮಸ್ ವಿಲ್ಸನ್ ಕ್ಯಾಲ್ಸಿಯಂ ಕಾರ್ಬೈಡನ್ನು ಅಗ್ಗವಾಗಿ ತಯಾರಿಸುವ ದಾರಿ ಕಂಡುಕೊಂಡ ಮೇಲೆ ಅಸಿಟಿಲೀನ್ ದೀಪಗಳ ಕಾಲ ಬಂತು. ಈ ದೀಪದ ಮೇಲುಭಾಗದಲ್ಲಿ ನೀರು, ಕೆಳಗಿನ ಡಬ್ಬಿಯಲ್ಲಿ ಕಾರ್ಬೈಡ್ ಹರಳುಗಳು. ತಿರುಪು ಸಡಿಲಿಸಿದರೆ ನೀರು ತೊಟ್ಟಿಕ್ಕಿ ಅನಿಲ ಹುಟ್ಟುತ್ತದೆ. ಬಾಯಿಗೆ ಕಡ್ಡಿ ಗೀರಿದರೆ ಎಣ್ಣೆದೀಪವನ್ನು ಮೀರಿಸುವ ಬಿಳಿಯ ಜ್ವಾಲೆ. ಸವಾರಿ ಮುಗಿದ ಮೇಲೆ ಡಬ್ಬಿಯಲ್ಲಿ ಉಳಿಯುತ್ತಿದ್ದ ಸುಣ್ಣದ ರಾಡಿಯನ್ನು ಕೆರೆದು ತೆಗೆಯುವುದು ನಿತ್ಯದ ಚಾಕರಿ. ಅದರ ಘಾಟು ವಾಸನೆ ಬೇರೆ. ಆದರೂ ವಿದ್ಯುತ್ ದೀಪ ಬರುವವರೆಗೆ ರಾತ್ರಿ ದೂರ ಹೋಗುವವರು ಇದನ್ನೇ ನೆಚ್ಚಿಕೊಂಡಿದ್ದರು.

ಚಕ್ರದಿಂದಲೇ ವಿದ್ಯುತ್ ತೆಗೆಯುವ ಡೈನಮೊ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಬಳಕೆಗೆ ಬಂತು. ಜರ್ಮನಿಯ ಬಾಷ್ ಕಂಪನಿ 1923ರಲ್ಲಿ ಸೈಕಲ್ ದೀಪಗಳನ್ನು ಹೊರತಂದಿತು. ಇಂಗ್ಲೆಂಡಿನ ಸ್ಟರ್ಮಿ-ಆರ್ಚರ್ ಕಂಪನಿ 1936ರಲ್ಲಿ ಡೈನಮೊವನ್ನು ಚಕ್ರದ ಹಬ್ಬಿನೊಳಗೇ ಅಡಗಿಸಿದ ‘ಡೈನೊಹಬ್’ ತಯಾರಿಸಿತು. ಹಿಂದಿನ ಕೆಂಪು ದೀಪ ಮಾತ್ರ ತಡವಾಗಿ ಬಂತು. ಬ್ರಿಟನ್ನಿನಲ್ಲಿ ಸೈಕಲ್ ಸವಾರರ ಸಂಘವೇ ಅದನ್ನು ಕಡ್ಡಾಯ ಮಾಡುವುದನ್ನು ವಿರೋಧಿಸಿತ್ತು. ಮುಂದಿರುವುದನ್ನು ನೋಡಿ ಓಡಿಸುವ ಹೊಣೆ ಮೋಟಾರಿನವನದು, ದೀಪ ಕಡ್ಡಾಯವಾದರೆ ಆ ಹೊಣೆ ಸೈಕಲ್ಲಿನವನ ತಲೆಗೆ ಬರುತ್ತದೆ ಎಂಬುದು ಅದರ ವಾದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೀದಿಗಳನ್ನು ಕತ್ತಲಾಗಿಸಿದಾಗ ಆ ವಾದ ನಿಲ್ಲಲಿಲ್ಲ.

ಮುಂದಿನ ದೊಡ್ಡ ತಿರುವು ಎಲ್‌ಇಡಿ. ನೀಲಿ ಎಲ್‌ಇಡಿ ಸಿದ್ಧಿಸಿದ ಬಳಿಕ 1990ರ ದಶಕದ ನಡುವಿನಲ್ಲಿ ಬಿಳಿ ಎಲ್‌ಇಡಿ ಬಂತು. ನೀಲಿ ಎಲ್‌ಇಡಿಗಾಗಿ ಅಕಸಾಕಿ, ಅಮಾನೊ, ನಕಾಮುರ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ದೊರೆಯಿತು. 1991ರಲ್ಲಿ ಸೋನಿ ಮಾರಾಟಕ್ಕಿಟ್ಟ ಲಿಥಿಯಂ-ಅಯಾನ್ ಬ್ಯಾಟರಿ ಇದಕ್ಕೆ ಜೊತೆಗೂಡಿತು. ತಂತಿ ಕಾಯಿಸಿ ಬೆಳಕು ಕೊಡುತ್ತಿದ್ದ ಬಲ್ಬಿಗೆ 3 ವ್ಯಾಟ್ ಕೊಟ್ಟಾಗ ಸಿಗುತ್ತಿದ್ದ ಬೆಳಕಿನ ಹಲವು ಪಟ್ಟು ಈಗ ಅದೇ 3 ವ್ಯಾಟ್‌ನಲ್ಲಿ ಸಿಗುತ್ತದೆ.

ಕರ್ನಾಟಕದಲ್ಲಿ

ಕನ್ನಡ ನಾಡಿನ ಊರುಗಳಲ್ಲಿ ಸೀಮೆಎಣ್ಣೆಯ ಸೈಕಲ್ ದೀಪ, ಅದರ ಹಿಂದೆಯೇ ಡೈನಮೊ ಬಂದವು. ಕರಿ ಬಣ್ಣದ ಗಟ್ಟಿ ಸೈಕಲ್ಲಿನ ಹ್ಯಾಂಡಲ್ ಮುಂದೆ ಹೊಳೆಯುವ ಡೂಮು, ಫೋರ್ಕಿಗೆ ಕಚ್ಚಿಕೊಂಡ ಡೈನಮೊ, ಹಿಂದಿನ ಮಡ್‌ಗಾರ್ಡಿನಲ್ಲಿ ಕೆಂಪು ಗಾಜು ಇವು ಒಂದು ಕಾಲದ ಶಾಲಾ ಮಾಸ್ತರರ, ಅಂಚೆಯವರ, ಹಾಲಿನವರ ಸೈಕಲ್ಲಿನ ಗುರುತು. ಡಬಲ್ ರೈಡ್ ಹೋಗುವವರನ್ನೂ ದೀಪವಿಲ್ಲದೆ ಹೋಗುವವರನ್ನೂ ಪೊಲೀಸರು ತಡೆದು ನಿಲ್ಲಿಸುತ್ತಿದ್ದ ಕಾಲವೂ ಅದೇ. ಡೈನಮೊ ಕೆಟ್ಟವರು ಟಾರ್ಚನ್ನು ಹ್ಯಾಂಡಲ್ಲಿಗೆ ಕಟ್ಟಿಕೊಂಡೋ ಕೈಯಲ್ಲಿ ಹಿಡಿದೋ ಹೋಗುತ್ತಿದ್ದರು. ಈಗ ಅಂಗಡಿಯಲ್ಲಿ ಸಿಗುವ ಬಹುಪಾಲು ಸೈಕಲ್ಲುಗಳಿಗೆ ಪ್ರತಿಫಲಕಗಳಿರುತ್ತವೆ, ದೀಪವಿರುವುದಿಲ್ಲ. ಕೊಂಡವರೇ ಆರಿಸಿ ಹಾಕಿಸಬೇಕು.

ಬೆಳಕಿನ ಅಳತೆ

ದೀಪದ ಪೊಟ್ಟಣದ ಮೇಲೆ ದೊಡ್ಡದಾಗಿ ಮುದ್ರಿಸಿರುವುದು ಲ್ಯೂಮೆನ್. ಅದು ದೀಪದಿಂದ ಎಲ್ಲ ದಿಕ್ಕಿಗೂ ಹೊರಡುವ ಒಟ್ಟು ಬೆಳಕಿನ ಅಳತೆ. ಆ ಬೆಳಕಿನಲ್ಲಿ ಎಷ್ಟು ರಸ್ತೆಗೆ ಬಿತ್ತು, ಎಷ್ಟು ಮರದ ಕೊಂಬೆಗೆ ಬಿತ್ತು ಎಂಬುದನ್ನು ಅದು ಹೇಳುವುದಿಲ್ಲ. ಬಿದ್ದ ಜಾಗದಲ್ಲಿ ಬೆಳಕು ಎಷ್ಟು ದಟ್ಟವಾಗಿದೆ ಎಂಬುದನ್ನು ಹೇಳುವುದು ಲಕ್ಸ್: ಒಂದು ಚದರ ಮೀಟರಿಗೆ ಒಂದು ಲ್ಯೂಮೆನ್ ಬಿದ್ದರೆ ಒಂದು ಲಕ್ಸ್. ದೂರ ಇಮ್ಮಡಿಯಾದರೆ ಲಕ್ಸ್ ಕಾಲುಭಾಗಕ್ಕೆ ಇಳಿಯುತ್ತದೆ. 10 ಮೀಟರ್ ದೂರದಲ್ಲಿ 40 ಲಕ್ಸ್ ಕೊಡುವ ದೀಪ 20 ಮೀಟರಿಗೆ 10 ಲಕ್ಸ್, 40 ಮೀಟರಿಗೆ ಎರಡೂವರೆ ಲಕ್ಸ್ ಮಾತ್ರ ಕೊಡುತ್ತದೆ. ಜರ್ಮನಿಯ ನಿಯಮದಂತೆ ಸೈಕಲ್ಲಿನ ಮುಂದೀಪ 10 ಮೀಟರ್ ದೂರದಲ್ಲಿ ಅತಿ ಹೆಚ್ಚು ಬೆಳಗುವ ಕಡೆ ಕನಿಷ್ಠ 10 ಲಕ್ಸ್ ಕೊಡಬೇಕು. ಕಣ್ಣಿಗೆ ಹೊಡೆಯುವ ಮೇಲುಭಾಗದ ಬೆಳಕಿಗೂ ಮಿತಿಯಿದೆ.

ಆದ್ದರಿಂದ ಬೆಳಕಿನ ಪ್ರಮಾಣದಷ್ಟೇ ಅದರ ಆಕಾರವೂ ಮುಖ್ಯ. ಟಾರ್ಚಿನಂತೆ ಗುಂಡಗೆ ಹರಡುವ ಬೆಳಕು ಕಾಡುದಾರಿಗೆ ಸರಿ. ಅಲ್ಲಿ ತಲೆಗೆ ತಗುಲುವ ಕೊಂಬೆಯೂ ಕಾಣಬೇಕು. ಎದುರಿನಿಂದ ಜನ ಬರುವ ರಸ್ತೆಯಲ್ಲಿ ಅದೇ ಬೆಳಕು ಅವರ ಕಣ್ಣು ಕುಕ್ಕುತ್ತದೆ. ರಸ್ತೆಗೆಂದು ರೂಪಿಸಿದ ದೀಪಗಳಲ್ಲಿ ಕನ್ನಡಿಯೋ ಮಸೂರವೋ ಬೆಳಕಿನ ಮೇಲುಭಾಗವನ್ನು ಅಡ್ಡಗೆರೆ ಎಳೆದಂತೆ ಕತ್ತರಿಸಿ ಕೆಳಕ್ಕೆ ತಿರುಗಿಸುತ್ತದೆ. ಇಂಥ 40 ಲಕ್ಸ್ ದೀಪ, ಗುಂಡು ಬೆಳಕಿನ ಸಾವಿರ ಲ್ಯೂಮೆನ್ ದೀಪಕ್ಕಿಂತ ಹಳ್ಳಿಯ ಡಾಂಬರು ರಸ್ತೆಗೆ ಹೆಚ್ಚು ಒದಗುವುದುಂಟು.

ದೀಪ ಕೂರಿಸುವ ಎತ್ತರಕ್ಕೂ ಅರ್ಥವಿದೆ. ಹ್ಯಾಂಡಲ್ ಮೇಲಿನ ದೀಪ ದೂರದವರೆಗೆ ಸಮನಾಗಿ ಬೆಳಗುತ್ತದೆ. ಮುಂಚಕ್ರದ ಮೇಲೆ, ಫೋರ್ಕಿನ ನೆತ್ತಿಗೆ ಹಾಕಿದ ದೀಪದ ಬೆಳಕು ಓರೆಯಾಗಿ ಬಿದ್ದು ಗುಂಡಿಗಳ ಅಂಚಿನ ನೆರಳನ್ನು ಉದ್ದಮಾಡಿ ತೋರಿಸುತ್ತದೆ. ತಲೆಗೆ ಕಟ್ಟಿದ ದೀಪ ನೋಡಿದ ಕಡೆಗೆ ತಿರುಗುತ್ತದೆ ನಿಜ. ಆದರೆ ಬೆಳಕೂ ಕಣ್ಣೂ ಒಂದೇ ಎತ್ತರದಲ್ಲಿರುವುದರಿಂದ ಗುಂಡಿಯ ನೆರಳು ಸವಾರನಿಗೆ ಕಾಣದೆ ರಸ್ತೆ ಚಪ್ಪಟೆಯಾಗಿ ತೋರುತ್ತದೆ.

ಶಕ್ತಿಮೂಲ: ಡೈನಮೊ

ಸುರುಳಿಯ ಬಳಿ ಅಯಸ್ಕಾಂತ ತಿರುಗಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂಬ, 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ತ್ವವೇ ಸೈಕಲ್ ಡೈನಮೊದ ಆಧಾರ. ಅದು ಕೊಡುವುದು ಪರ್ಯಾಯ ವಿದ್ಯುತ್. ಅದರ ವಾಡಿಕೆಯ ಅಳತೆ 6 ವೋಲ್ಟ್, 3 ವ್ಯಾಟ್, ಅಂದರೆ ಅರ್ಧ ಆಂಪಿಯರ್. ಬಲ್ಬುಗಳ ಕಾಲದಲ್ಲಿ ಮುಂದೀಪಕ್ಕೆ 2.4 ವ್ಯಾಟ್, ಹಿಂದಿನದಕ್ಕೆ 0.6 ವ್ಯಾಟ್ ಎಂದು ಹಂಚಿಕೆಯಾಗಿತ್ತು.

ಇದರಲ್ಲೊಂದು ಚಮತ್ಕಾರವಿದೆ. ವೇಗ ಹೆಚ್ಚಿದಷ್ಟೂ ವೋಲ್ಟೇಜ್ ಏರುತ್ತದೆ. ಜೊತೆಗೆ ವಿದ್ಯುತ್ತಿನ ದಿಕ್ಕು ಬದಲಾಗುವ ವೇಗವೂ ಏರಿ, ಸುರುಳಿಯು ಪ್ರವಾಹಕ್ಕೆ ಒಡ್ಡುವ ತಡೆ ಹೆಚ್ಚುತ್ತದೆ. ಎರಡೂ ಒಂದನ್ನೊಂದು ಸರಿದೂಗಿಸಿ ಪ್ರವಾಹ ಅರ್ಧ ಆಂಪಿಯರಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಎಲ್‌ಇಡಿಗೆ ಬೇಕಾಗಿರುವುದೂ ಹೀಗೆ ಹದವಾದ ಪ್ರವಾಹವೇ. ಹಳೆಯ ಬಲ್ಬುಗಳಿಗೆ ಇದೇ ಗುಣ ಮುಳುವಾಗುತ್ತಿತ್ತು: ಒಂದು ಬಲ್ಬು ಸುಟ್ಟರೆ ಅದರ ಪಾಲಿನ ಪ್ರವಾಹವೂ ಇನ್ನೊಂದಕ್ಕೆ ಹರಿದು, ಅದೂ ಸುಡುತ್ತಿತ್ತು. ಇಳಿಜಾರಿನಲ್ಲಿ ಎರಡೂ ದೀಪ ಒಟ್ಟಿಗೆ ಹೋಗುತ್ತಿದ್ದುದಕ್ಕೆ ಕಾರಣ ಇದು.

ಸೀಸೆಯ ಆಕಾರದ ಡೈನಮೊ ಟೈರಿನ ಪಕ್ಕಕ್ಕೆ ಒರಗಿ ತಿರುಗುತ್ತದೆ. ಬೆಲೆ ಕಡಿಮೆ, ಬೇಡದಾಗ ಬಿಡಿಸಿಡಬಹುದು. ಆದರೆ ಉಜ್ಜಾಟದಲ್ಲಿ ಶಕ್ತಿ ಪೋಲು, ಗೊರಗೊರ ಸದ್ದು, ಮಳೆಯಲ್ಲಿ ಜಾರುವಿಕೆ. ಅದನ್ನು ಕೂರಿಸುವಾಗ ಅದರ ಅಚ್ಚಿನ ಗೆರೆಯನ್ನು ಮುಂದುವರಿಸಿದರೆ ಚಕ್ರದ ನಡುಮಧ್ಯಕ್ಕೆ ಹೋಗಿ ಮುಟ್ಟುವಂತಿರಬೇಕು. ಓರೆಯಾದರೆ ಟೈರು ಸವೆಯುತ್ತದೆ. ಹಳೆಯ ಡೈನಮೊಗಳಿಗೆ ಒಂದೇ ತಂತಿ; ಮರಳಿ ಬರುವ ದಾರಿ ಸೈಕಲ್ಲಿನ ಚೌಕಟ್ಟೇ. ಅದಕ್ಕಾಗಿ ಕ್ಲಾಂಪಿನಲ್ಲಿರುವ ಮೊನಚು ಸ್ಕ್ರೂ ಬಣ್ಣವನ್ನು ಸೀಳಿ ಕಬ್ಬಿಣಕ್ಕೆ ತಾಗಬೇಕು. ದೀಪ ಮಿಣುಕಿದರೆ ಸೈಕಲ್ ಶಾಪಿನವರು ಮೊದಲು ತುಕ್ಕು ಕೆರೆದು ಈ ‘ಅರ್ತ್’ ಸರಿಮಾಡುತ್ತಿದ್ದುದು ಅದಕ್ಕಾಗಿಯೇ.

ಹಬ್ ಡೈನಮೊ ಮುಂಚಕ್ರದ ಅಚ್ಚಿನಲ್ಲೇ ಇರುವುದರಿಂದ ಜಾರುವ ಮಾತಿಲ್ಲ, ಸದ್ದಿಲ್ಲ. ಜರ್ಮನಿಯ ಟ್ಯೂಬಿಂಗೆನ್ನಿನ ವಿಲ್ಫ್ರೀಡ್ ಶ್ಮಿಟ್ 1990ರ ದಶಕದಲ್ಲಿ ತಯಾರಿಸಿದ ‘ಸೋನ್’ ಡೈನಮೊ ದೂರದ ಸವಾರರಲ್ಲಿ ಹೆಸರು ಮಾಡಿತು. ಜಪಾನಿನ ಶಿಮಾನೊ ಅಗ್ಗದ ಬಗೆಗಳನ್ನೂ ತಂದಿತು. ಒಳ್ಳೆಯ ಹಬ್ ಡೈನಮೊದಿಂದ 3 ವ್ಯಾಟ್ ಪಡೆಯಲು ಸವಾರ ಕೊಡಬೇಕಾದದ್ದು ಸುಮಾರು 5 ವ್ಯಾಟ್. ಸಾಧಾರಣ ಸೀಸೆ ಡೈನಮೊ ಇದರ ಇಮ್ಮಡಿ ಕೇಳಬಹುದು. ಹಬ್ ಡೈನಮೊದ ಕೊರತೆಯೆಂದರೆ ಬೆಲೆ ಮತ್ತು ಚಕ್ರವನ್ನೇ ಹೊಸದಾಗಿ ಕಟ್ಟಿಸಬೇಕಾದ ಕೆಲಸ.

ಡೈನಮೊ ನಿಂತರೆ ದೀಪವೂ ನಿಲ್ಲುತ್ತದೆ ಎಂಬ ಹಳೆಯ ದೂರಿಗೆ ಈಗ ಪರಿಹಾರವಿದೆ. ದೀಪದೊಳಗಿನ ಕೆಪಾಸಿಟರ್ ಓಡುವಾಗ ಶಕ್ತಿ ತುಂಬಿಕೊಂಡು, ಸಿಗ್ನಲ್ಲಿನಲ್ಲಿ ನಿಂತಾಗ ಕೆಲವು ನಿಮಿಷ ಮಂದವಾಗಿ ಉರಿಸುತ್ತದೆ. ಕಾಲ್ನಡಿಗೆಯ ವೇಗದಲ್ಲಿ ಮಿಣುಕಾಟ ಮಾತ್ರ ಉಳಿದೇ ಇದೆ.

ಶಕ್ತಿಮೂಲ: ಬ್ಯಾಟರಿ

ಬ್ಯಾಟರಿ ದೀಪದ ಗುಣ ಸರಳತೆ. ರಬ್ಬರಿನ ಪಟ್ಟಿಯಿಂದ ಕಟ್ಟಿದರೆ ಮುಗಿಯಿತು. ಸೈಕಲ್ ನಿಲ್ಲಿಸಿ ಹೋಗುವಾಗ ಬಿಚ್ಚಿ ಜೇಬಿಗೆ ಹಾಕಬಹುದು, ಹಾಕಲೇಬೇಕು. ದೋಷವೂ ಅದರಲ್ಲೇ ಇದೆ: ಚಾರ್ಜ್ ಮಾಡಲು ಮರೆತ ದಿನ ದೀಪವಿಲ್ಲ.

ಎಷ್ಟು ಹೊತ್ತು ಉರಿಯುತ್ತದೆ ಎಂಬುದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಬ್ಯಾಟರಿಯ ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ವ್ಯಾಟ್-ಗಂಟೆ. ಅದನ್ನು ದೀಪದ ವ್ಯಾಟಿನಿಂದ ಭಾಗಿಸಿದರೆ ಗಂಟೆಗಳು. ಬಹುಪಾಲು ದೀಪಗಳಲ್ಲಿರುವ 18650 ಎಂಬ ಲಿಥಿಯಂ ಶೆಲ್ 3.6 ವೋಲ್ಟಿನದು. 3 ಆಂಪಿಯರ್-ಗಂಟೆಯದಾದರೆ ಅದರಲ್ಲಿ 10.8 ವ್ಯಾಟ್-ಗಂಟೆ ಇರುತ್ತದೆ. ಮುಂದೀಪಕ್ಕೆ 3 ವ್ಯಾಟ್ ಹಿಡಿದರೆ ಮೂರೂವರೆ ಗಂಟೆ. ದಿನಕ್ಕೆ ಒಂದು ಗಂಟೆ ಓಡಾಡುವವರು ಎರಡು ದಿನಕ್ಕೊಮ್ಮೆ ಚಾರ್ಜ್ ಮಾಡಿದರೆ ನಿಶ್ಚಿಂತೆ. ಪೆನ್ಸಿಲ್ ಶೆಲ್ ಗಾತ್ರದ, ಮರುಚಾರ್ಜಿನ ನಿಕ್ಕಲ್ ಶೆಲ್ಲುಗಳು ಒಂದೊಂದು 1.2 ವೋಲ್ಟ್, 2 ಆಂಪಿಯರ್-ಗಂಟೆಯವು. ಅಂಥ ನಾಲ್ಕು ಕೂಡಿದರೂ ಒಂದು ಲಿಥಿಯಂ ಶೆಲ್ಲಿಗೆ ಸ್ವಲ್ಪ ಕಡಿಮೆಯೇ. ಆದರೆ ಅವು ದಾರಿಯಲ್ಲಿ ಖಾಲಿಯಾದರೆ ಯಾವ ಕಿರಾಣಿ ಅಂಗಡಿಯಲ್ಲೂ ಬದಲಿ ಶೆಲ್ ಸಿಗುತ್ತದೆ.

18650 ಗಾತ್ರದ ಶೆಲ್ಲಿನಲ್ಲಿ ಸುಮಾರು 3600 ಮಿಲಿ ಆಂಪಿಯರ್-ಗಂಟೆಗಿಂತ ಹೆಚ್ಚು ತುಂಬುವುದು ಕಷ್ಟ. 5000, 9900 ಎಂದು ಮುದ್ರಿಸಿರುವುದು ಸುಳ್ಳೆಂದು ಧಾರಾಳವಾಗಿ ತಿಳಿಯಬಹುದು. ಹೊಟ್ಟೆ ಉಬ್ಬಿದ ಇಲ್ಲವೆ ಪೆಟ್ಟು ತಿಂದ ಲಿಥಿಯಂ ಬ್ಯಾಟರಿಯನ್ನು ಬಳಸಬಾರದು, ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗಬಾರದು.

ವಿದ್ಯುತ್ ಸೈಕಲ್ಲುಗಳಲ್ಲಿ ಮೋಟಾರಿನ ಬ್ಯಾಟರಿಯೇ ದೀಪಕ್ಕೂ ಆಗುತ್ತದೆ. ಅದು ಸಾಮಾನ್ಯವಾಗಿ 36 ಅಥವಾ 48 ವೋಲ್ಟಿನದು. 6 ಅಥವಾ 12 ವೋಲ್ಟಿನ ದೀಪವನ್ನು ನೇರ ಜೋಡಿಸಿದರೆ ಆ ಕ್ಷಣವೇ ಸುಡುತ್ತದೆ. ನಡುವೆ ವೋಲ್ಟೇಜ್ ಇಳಿಸುವ ಕನ್ವರ್ಟರ್ ಬೇಕು, ಇಲ್ಲವೆ ಆ ವೋಲ್ಟೇಜಿಗೇ ತಯಾರಾದ ದೀಪ ಬೇಕು. ಮುನ್ನೂರು, ನಾನೂರು ವ್ಯಾಟ್-ಗಂಟೆಯ ಬ್ಯಾಟರಿಗೆ 4 ವ್ಯಾಟ್ ದೀಪ ಲೆಕ್ಕಕ್ಕಿಲ್ಲ. ಮೋಟಾರಿಗೆ ಸಾಲದಷ್ಟು ಇಳಿದ ಮೇಲೂ ದೀಪಕ್ಕೆ ಉಳಿಯುವಂತೆ ಒಳ್ಳೆಯ ಸೈಕಲ್ಲುಗಳಲ್ಲಿ ಏರ್ಪಾಡಿರುತ್ತದೆ.

ತ್ರಿಚಕ್ರಗಳ ಸಮಸ್ಯೆ

ತ್ರಿಚಕ್ರವನ್ನು ಸೈಕಲ್ಲಿನ ಅಗಲವೆಂದು ಎಣಿಸಿ ಪಕ್ಕದಲ್ಲಿ ನುಗ್ಗುವುದು ಹಿಂದಿನ ವಾಹನಗಳ ತಪ್ಪು. ನಡುವೆ ಒಂದೇ ಕೆಂಪು ದೀಪವಿದ್ದರೆ ಆ ತಪ್ಪಿಗೆ ದಾರಿ ಮಾಡಿಕೊಟ್ಟಂತೆ. ಹಿಂದಿನ ಎರಡು ಚಕ್ರಗಳ ಹೊರ ಅಂಚಿಗೆ ಒಂದೊಂದು ಕೆಂಪು ದೀಪ, ಮುಂದೆ ಅಗಲ ತೋರಿಸುವ ಎರಡು ಬಿಳಿ ದೀಪ ಇಲ್ಲವೆ ಪ್ರತಿಫಲಕ ಇರಬೇಕು. ಸರಕು ಪೆಟ್ಟಿಗೆ ಮುಂದಿರುವ ಗಾಡಿಯಲ್ಲಿ ಹ್ಯಾಂಡಲ್ ದೀಪದ ಬೆಳಕು ಪೆಟ್ಟಿಗೆಗೇ ಬೀಳುತ್ತದೆ. ದೀಪವನ್ನು ಪೆಟ್ಟಿಗೆಯ ಮುಂಬದಿಗೆ ಒಯ್ಯಬೇಕು. ಒರಗಿ ಕೂತು ತುಳಿಯುವ ತಗ್ಗು ತ್ರಿಚಕ್ರಗಳಲ್ಲಿ ಪಾದಗಳು ಬೆಳಕಿಗೆ ಅಡ್ಡ ಬರುವುದರಿಂದ ದೀಪದ ಜಾಗ ಪೆಡಲಿನ ಮುಂದಿನ ಕೊಳವೆಯ ತುದಿ. ಕಾರಿನ ಬಾನೆಟ್ಟಿಗಿಂತ ಕೆಳಗಿರುವ ಇಂಥವಕ್ಕೆ ಹಗಲಲ್ಲಿ ಎತ್ತರದ ಬಾವುಟ, ರಾತ್ರಿ ಎತ್ತರದ ಕೆಂಪು ದೀಪ ಬೇಕು.

ಅಂಗವಿಕಲರು ಕೈಯಿಂದ ತಿರುಗಿಸುವ ತ್ರಿಚಕ್ರದ ವೇಗ ನಡಿಗೆಗಿಂತ ತುಸು ಹೆಚ್ಚು. ಡೈನಮೊ 6 ವೋಲ್ಟ್ ಕೊಡುವುದು ಗಂಟೆಗೆ 15 ಕಿ.ಮೀ. ಆಸುಪಾಸಿನಲ್ಲಿ. ಆದ್ದರಿಂದ ಅದಕ್ಕೆ ಬ್ಯಾಟರಿಯೇ ಸರಿ. ನಾಲ್ಕು 12 ವೋಲ್ಟ್ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದ ವಿದ್ಯುತ್ ರಿಕ್ಷಾಗಳಲ್ಲಿ, ಒಂದೇ ಬ್ಯಾಟರಿಯಿಂದ ದೀಪಕ್ಕೆ ತಂತಿ ಎಳೆಯುವ ರೂಢಿ ಒಳ್ಳೆಯದಲ್ಲ. ಆ ಒಂದು ಬ್ಯಾಟರಿ ದಿನವೂ ಹೆಚ್ಚು ಖಾಲಿಯಾಗಿ ಬೇಗ ಸಾಯುತ್ತದೆ, ಉಳಿದ ಮೂರನ್ನೂ ಕೆಡಿಸುತ್ತದೆ. ನಾಲ್ಕಕ್ಕೂ ಸೇರಿಸಿ ಕನ್ವರ್ಟರ್ ಹಾಕುವುದೇ ಕ್ರಮ.

ಹಿಂದೀಪ ಮತ್ತು ಪ್ರತಿಫಲಕ

ಕೆಂಪು ದೀಪ ಸ್ಥಿರವಾಗಿ ಉರಿಯಬೇಕೇ, ಮಿನುಗಬೇಕೇ ಎಂಬ ಚರ್ಚೆ ಹಳೆಯದು. ಮಿನುಗುವ ದೀಪ ಬೇಗ ಗಮನ ಸೆಳೆಯುತ್ತದೆ, ಬ್ಯಾಟರಿ ಉಳಿಸುತ್ತದೆ. ಸ್ಥಿರ ದೀಪದಿಂದ ದೂರದ ಅಂದಾಜು ಸುಲಭ. ಜರ್ಮನಿ ಮಿನುಗುವ ದೀಪವನ್ನು ಒಪ್ಪುವುದಿಲ್ಲ. ಬ್ರಿಟನ್ 2005ರಲ್ಲಿ ಒಪ್ಪಿತು. ಒಂದು ಸ್ಥಿರ, ಒಂದು ಮಿನುಗು ಎಂದು ಎರಡು ಹಾಕಿಕೊಂಡರೆ, ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ. ಸವಾರನಿಗೆ ತನ್ನ ಹಿಂದೀಪ ಆರಿದ್ದು ಗೊತ್ತಾಗುವುದೇ ಇಲ್ಲವಾದ್ದರಿಂದ ಈ ಜೋಡಿ ಅತಿಯಲ್ಲ.

ಪ್ರತಿಫಲಕದೊಳಗಿನ ಪುಟ್ಟ ಮೂಲೆಗನ್ನಡಿಗಳು ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತವೆ. ಶಕ್ತಿ ಬೇಡ, ಆರುವ ಭಯವಿಲ್ಲ. ಪೆಡಲಿನ ಹಳದಿ ಪ್ರತಿಫಲಕಗಳು ಮೇಲೆ ಕೆಳಗೆ ಆಡುವುದರಿಂದ ಮುಂದಿರುವುದು ಸೈಕಲ್ಲೇ ಎಂದು ಚಾಲಕನಿಗೆ ದೂರದಿಂದಲೇ ತಿಳಿಯುತ್ತದೆ. ಆದರೆ ಪ್ರತಿಫಲಕಕ್ಕೆ ಸ್ವಂತ ಬೆಳಕಿಲ್ಲ. ಅಡ್ಡರಸ್ತೆಯಿಂದ ಬರುವ ವಾಹನದ ಬೆಳಕು ಸೈಕಲ್ಲಿನ ಮೇಲೆ ಬೀಳುವಷ್ಟರಲ್ಲಿ ತಡವಾಗಿರಬಹುದು. ಪಾದಚಾರಿಗೆ, ದೀಪವಿಲ್ಲದ ಇನ್ನೊಂದು ಸೈಕಲ್ಲಿಗೆ ಅದು ಕಾಣುವುದೇ ಇಲ್ಲ. ದೀಪಕ್ಕೆ ಅದು ಜೊತೆ, ಬದಲಿ ಅಲ್ಲ.

ಹಗಲಿನ ದೀಪಕ್ಕೂ ಫಲವಿದೆ. ಡೆನ್ಮಾರ್ಕಿನ ಓಡೆನ್ಸೆ ನಗರದಲ್ಲಿ 2004-05ರಲ್ಲಿ 3845 ಸೈಕಲ್ ಸವಾರರನ್ನು ಸೇರಿಸಿಕೊಂಡು ಪ್ರಯೋಗ ನಡೆಯಿತು. 1845 ಸೈಕಲ್ಲುಗಳಿಗೆ, ಚಕ್ರ ತಿರುಗಿದಾಗಲೆಲ್ಲ ಅಯಸ್ಕಾಂತದಿಂದ ಉರಿಯುವ ದೀಪ ಹಾಕಿದ್ದರು. ಗಾಯವಾದ ಅಪಘಾತಗಳ ಪ್ರಮಾಣ ದೀಪವಿದ್ದವರಲ್ಲಿ ಶೇಕಡ 19ರಷ್ಟು ಕಡಿಮೆಯಿತ್ತು.

ನಿಯಮಗಳು

1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದ ಪ್ರಕಾರ ಸೈಕಲ್ಲಿಗೆ ಬ್ರೇಕು, ಗಂಟೆ, ಹಿಂದೆ ಕೆಂಪು ಪ್ರತಿಫಲಕ, ಮುಂದೆ ಬಿಳಿ ಅಥವಾ ಹಳದಿ, ಹಿಂದೆ ಕೆಂಪು ದೀಪದ ವ್ಯವಸ್ಥೆ ಇರಬೇಕು. ಜರ್ಮನಿಯಲ್ಲಿ ದೀರ್ಘಕಾಲ ಡೈನಮೊ ಕಡ್ಡಾಯವಾಗಿತ್ತು. ಹಗುರ ರೇಸ್ ಸೈಕಲ್ಲುಗಳಿಗಷ್ಟೇ ವಿನಾಯಿತಿ. 2013ರಲ್ಲಿ ಬ್ಯಾಟರಿ ದೀಪಕ್ಕೂ ಒಪ್ಪಿಗೆ ದೊರೆಯಿತು. ಭಾರತದ 1988ರ ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಸೈಕಲ್ ಮೋಟಾರು ವಾಹನವಲ್ಲ. 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ಮೀರದ ವಿದ್ಯುತ್ ಸೈಕಲ್ಲುಗಳಿಗೂ ನಿಯಮಗಳಲ್ಲಿ ವಿನಾಯಿತಿಯಿದೆ. ಸೈಕಲ್ ಪ್ರತಿಫಲಕಗಳ ಗುಣಮಟ್ಟಕ್ಕಾಗಿ ಕೇಂದ್ರ ಸರ್ಕಾರ 2020ರಲ್ಲಿ ಆದೇಶ ಹೊರಡಿಸಿತು. ದೂರ ಸವಾರಿಯ ‘ಬ್ರೆವೆ’ಗಳಲ್ಲಿ ನಿಯಮ ಬಿಗಿ. 400 ಕಿ.ಮೀ.ಯನ್ನು 27 ಗಂಟೆಯಲ್ಲಿ, 600 ಕಿ.ಮೀ.ಯನ್ನು 40 ಗಂಟೆಯಲ್ಲಿ ಮುಗಿಸಬೇಕಾದ ಈ ಸವಾರಿಗಳು ಬೆಂಗಳೂರಿನಿಂದಲೂ ನಡೆಯುತ್ತವೆ. ರಾತ್ರಿ ದೀಪವೂ ಬೆಳಕು ಹಿಂದಿರುಗಿಸುವ ಅಂಗಿಯೂ ಇಲ್ಲದವರು ಅವುಗಳಲ್ಲಿ ಮುಂದುವರಿಯುವಂತಿಲ್ಲ.

ಆಯ್ಕೆ ಮತ್ತು ಆರೈಕೆ

ಬೀದಿದೀಪದ ಕೆಳಗೆ ಆರೇಳು ಕಿ.ಮೀ. ಓಡಾಡುವವರಿಗೆ ಚಾರ್ಜ್ ಮಾಡುವ ಜೋಡಿ ದೀಪ ಸಾಕು. ದಿನವೂ ಕತ್ತಲ ರಸ್ತೆ ಹಿಡಿಯುವವರಿಗೆ ಮೇಲಂಚು ಕತ್ತರಿಸಿದ ಬೆಳಕಿನ ದೀಪ ಬೇಕು. ಮರೆವಿನ ಸ್ವಭಾವವಿದ್ದರೆ ಹಬ್ ಡೈನಮೊ ಒಳ್ಳೆಯದು. ರಾತ್ರಿಯಿಡೀ ತುಳಿಯುವವರು ಡೈನಮೊದ ಜೊತೆಗೆ ಬ್ಯಾಟರಿ ದೀಪವೊಂದನ್ನು ಇಟ್ಟುಕೊಳ್ಳುವುದು ವಾಡಿಕೆ. ಮಲೆನಾಡು, ಕರಾವಳಿಯ ಮಳೆಗೆ ದೀಪದ ಮೇಲಿನ ಐಪಿ ಗುರುತು ನೋಡಬೇಕು: ಐಪಿಎಕ್ಸ್4 ಎರಚಲನ್ನು ತಡೆಯುತ್ತದೆ, ಐಪಿಎಕ್ಸ್7 ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳುತ್ತದೆ. ಎಲ್‌ಇಡಿ ಬಿಸಿಯಾದಷ್ಟೂ ಬೆಳಕೂ ಆಯುಸ್ಸೂ ಕುಗ್ಗುವುದರಿಂದ, ಹೆಚ್ಚು ಬೆಳಕಿನ ದೀಪಕ್ಕೆ ಅಲ್ಯುಮಿನಿಯಂ ಕವಚ ಮೇಲು.

ಮುಂದೀಪದ ಬೆಳಕಿನ ನಡುಭಾಗ ದೂರ ಹೋದಂತೆ ನೆಲಕ್ಕೆ ಇಳಿಯುತ್ತಿರಬೇಕು. ಸೈಕಲ್ಲನ್ನು ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿದಾಗ ಗೋಡೆಯ ಮೇಲೆ ಆ ನಡುಭಾಗ ದೀಪದ ಎತ್ತರಕ್ಕಿಂತ ಕೆಳಗೆ ಬಿದ್ದರೆ ಸರಿಯಾಗಿ ಕೂತಿದೆ ಎಂದರ್ಥ. ಹಿಂದೀಪಕ್ಕೆ ಕ್ಯಾರಿಯರಿನ ಚೀಲ, ಜರ್ಕಿನ್ನಿನ ಅಂಚು, ಮಡ್‌ಗಾರ್ಡ್ ಅಡ್ಡ ಬರಬಾರದು. ಗಾಜಿಗೆ ಮೆತ್ತಿದ ಕೆಸರು ಎಷ್ಟೇ ಬೆಲೆಯ ದೀಪವನ್ನೂ ಮಂಕು ಮಾಡುತ್ತದೆ. ಹೊರಡುವ ಮುನ್ನ ಒಂದು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.